ಮೈಕು ಮುಟ್ಟಿಸದೆ ರೇಡಿಯೋ, ಟಿವಿ ಪಾಠ ಮಾಡೋದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಕಡೆ ಪತ್ರಿಕೋದ್ಯಮ ಓದಲು ಬರುವ ಮಕ್ಕಳಿಗೆ ಪೇಪರಿಗಿಂತ ಟಿವಿ ಮೇಲೆ ಕಣ್ಣು ಜಾಸ್ತಿ. ಅದೇನೂ ತಪ್ಪಲ್ಲ. ಆದರೆ ವಿದ್ಯುನ್ಮಾನ ಮಾಧ್ಯಮದ ಪರೀಕ್ಷೆಯಲ್ಲಿ ಒಳ್ಳೆ ಅಂಕ ತಗೊಂಡವರ ಕೈಗೆ ಮೈಕು ಕೊಟ್ಟು ನೋಡಿ. ಬಾಯಿಂದ ಎಷ್ಟು ದೂರ ಹಿಡಿಯಬೇಕು ಅಂತ ಗೊತ್ತಿರುವುದಿಲ್ಲ. ಮಕ್ಕಳನ್ನು ಬೈದು ಏನು ಪ್ರಯೋಜನ? ಅವರಿಗೆ ಅದನ್ನು ಯಾರೂ ಹಿಡಿಸಿಯೇ ಇಲ್ಲ.

ನಾನು ರೇಡಿಯೋದಲ್ಲಿ ಉದ್ಘೋಷಕನಾಗಿ ಕೆಲಸ ಮಾಡಿದವನು. ಹೋದ ವರ್ಷ ನಮ್ಮ ಕಡೆಯ ಒಂದು ಕಾಲೇಜಿನವರು ತರಗತಿಗೆ ಕರೆದಿದ್ದರು. ಅಲ್ಲಿ ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ಸ್ಟುಡಿಯೋ ಇಲ್ಲ. ಅವರು ಫ್ಯಾನ್ ಆರಿಸಿದರು, ಕಿಟಕಿ ಹಾಕಿದರು, ಮೇಜಿನ ಮೇಲೆ ಮನೆಯಿಂದ ತಂದ ದಪ್ಪ ಕಂಬಳಿ ಹಾಸಿ ಫೋನ್ ಇಟ್ಟರು. ಜಗಳೂರು ಕಡೆಯ ಹುಡುಗಿಯೊಬ್ಬಳು ತಾನೇ ಬರೆದ ಸುದ್ದಿ ಓದಿದಳು. "ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣಕ್ಕೆ ಮೆಕ್ಕೆಜೋಳದ ಆವಕ ಗಣನೀಯವಾಗಿ ಹೆಚ್ಚಿರುವ ಹಿನ್ನೆಲೆಯಲ್ಲಿ ಧಾರಣೆಯಲ್ಲಿ ಕುಸಿತ ಕಂಡುಬಂದಿದ್ದು..." ಅಷ್ಟರಲ್ಲಿ ಉಸಿರು ಮುಗಿಯಿತು.

ಮೇಷ್ಟ್ರು ಬೈಯಲಿಲ್ಲ. "ಇದನ್ನೇ ನಿಮ್ಮಪ್ಪಂಗೆ ಫೋನ್ ಮಾಡಿ ಹೇಳೋದಾದ್ರೆ ಹೆಂಗ್ ಹೇಳ್ತೀಯಮ್ಮ?" ಅಂದರು.

"ಮೆಕ್ಕೆಜೋಳ ಜಾಸ್ತಿ ಬಂದೈತಪ್ಪ. ರೇಟ್ ಬಿದ್ದೈತೆ."

"ಹಂಗೇ ಬರಿ."

ಎರಡನೇ ಸಲ ಓದಿದಾಗ ಎರಡೇ ಸಣ್ಣ ವಾಕ್ಯ, ಕೇಳಿದ ಕೂಡಲೇ ಅರ್ಥವಾಗುವಂಥವು. ಪೇಪರ್ ಓದುವವರು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು. ರೇಡಿಯೋ ಕೇಳುವವರಿಗೆ ಆ ಅನುಕೂಲ ಇಲ್ಲ. ಕಿವಿಗಾಗಿ ಬರೆಯುವುದನ್ನು ನೋಟ್ಸ್ ಬರೆಸಿ ಕಲಿಸೋಕೆ ಆಗಲ್ಲ. ಓದಿಸಬೇಕು, ಕೇಳಿಸಬೇಕು, ತಿದ್ದಬೇಕು, ಮತ್ತೆ ಓದಿಸಬೇಕು. ಅದಕ್ಕೆ ಸಮಯ ಬೇಕು, ಜೊತೆಗೆ ಆ ಕೆಲಸ ಗೊತ್ತಿರುವ ಮೇಷ್ಟ್ರು ಬೇಕು.

ಅಂಥ ಮೇಷ್ಟ್ರನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಅಂದರೆ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಕೈಯಿಂದ ದುಡ್ಡು ಹಾಕಿ ಕಾಲರ್ ಮೈಕ್ ತಂದಿದ್ದಾರೆ. ಇದು ನನಗೆ ತುಂಬಾ ನೋವು ಕೊಟ್ಟ ಸಂಗತಿ. ಇನ್ನೊಂದು ಕಡೆ, ಸಹಾಯಕ ಪ್ರಾಧ್ಯಾಪಕ ಆಗಬೇಕಾದರೆ ನೆಟ್, ಕೆಸೆಟ್‌ನಂಥ ಅರ್ಹತಾ ಪರೀಕ್ಷೆ ಪಾಸಾಗಿರಬೇಕು ಅಂತ ಕೇಳುತ್ತಾರೆ. ಕೇಳಲಿ, ಸಿದ್ಧಾಂತ ಗೊತ್ತಿರುವವರೂ ಬೇಕೇ ಬೇಕು. ಆದರೆ ಜೀವಮಾನವೆಲ್ಲ ಸ್ಟುಡಿಯೋದಲ್ಲಿ ಕಳೆದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ವ್ಯವಸ್ಥೆ ತಂದಿದೆ. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಅನುಭವ ಇದ್ದವರನ್ನು ಪದವಿಯ ಹಂಗಿಲ್ಲದೆ ತೆಗೆದುಕೊಳ್ಳಬಹುದು. ಇಂಥವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇಕಡಾ 10 ಮೀರುವಂತಿಲ್ಲ, ಒಬ್ಬರಿಗೆ ಒಟ್ಟು ನಾಲ್ಕು ವರ್ಷ ಮಾತ್ರ. ಚಿತ್ರದುರ್ಗದಲ್ಲೇ ಆಕಾಶವಾಣಿ ಕೇಂದ್ರ ಇದೆ, ಭದ್ರಾವತಿಯ ಕೇಂದ್ರವೂ ದೂರವಿಲ್ಲ. ಅಲ್ಲಿ ದುಡಿದು ನಿವೃತ್ತರಾದವರು ನಮ್ಮ ಸುತ್ತಮುತ್ತಲೇ ಇದ್ದಾರಲ್ವಾ?

ರೇಡಿಯೋಕ್ಕೂ ಮೇಷ್ಟ್ರಿಗೂ ನಮ್ಮಲ್ಲಿ ಹಳೇ ನಂಟು. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಈಗಂತೂ ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ, ಅಂದರೆ ಸುತ್ತಲಿನ ಜನರಿಗಾಗಿ ಸಣ್ಣ ರೇಡಿಯೋ ಕೇಂದ್ರ ನಡೆಸುವ ಅವಕಾಶವೇ ಇದೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ 2004ರಲ್ಲೇ ಶುರು ಮಾಡಿತು. ಸ್ವಂತ ಸುದ್ದಿ ಬಿತ್ತರಿಸಲು ಅನುಮತಿ ಇಲ್ಲ, ಅದೊಂದು ಕೊರತೆ ನಿಜ. ಆದರೆ ನಲ್ಲಿ ನೀರು ಯಾವಾಗ ಬರುತ್ತೆ, ಕರೆಂಟ್ ಎಲ್ಲಿ ಹೋಗುತ್ತೆ, ಮಳೆ, ಪರೀಕ್ಷೆ, ಜಾತ್ರೆ, ಇವನ್ನೆಲ್ಲ ಹೇಳಬಹುದು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರನ್ನು ಮಾತಾಡಿಸಬಹುದು. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪ್ರಯೋಗಾಲಯ ಎಲ್ಲಿ ಸಿಗುತ್ತೆ?

ಪಠ್ಯಕ್ರಮ ತಿದ್ದುವ ಮಂಡಳಿಗಳಲ್ಲಿ ಇರುವ ಗೆಳೆಯರು ಇದನ್ನು ಓದುತ್ತಿದ್ದರೆ, ದಯವಿಟ್ಟು ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ. ವಿದ್ಯುನ್ಮಾನ ಮಾಧ್ಯಮದ ವಿಷಯದಲ್ಲಿ ಅರ್ಧದಷ್ಟಾದರೂ ಅಂಕ ವಿದ್ಯಾರ್ಥಿ ರೆಕಾರ್ಡ್ ಮಾಡಿ ತಂದ ಕೆಲಸಕ್ಕೆ ಸಿಗಲಿ. ಧ್ವನಿ ಪಾಠಕ್ಕೆ ಯಾವ ಕಾಲೇಜಿನವರು ಕರೆದರೂ ನಾನು ಬರುತ್ತೇನೆ. ಸಂಭಾವನೆ ಬೇಡ, ತರಗತಿ ಪೂರ್ತಿ ಎರಡು ಗಂಟೆ ಕೊಡಿ ಸಾಕು.