ಮುನ್ಸೂಚನೆ ಇಲ್ಲದೆ ಬರತಕ್ಕದ್ದು

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ. ವೀಸಾ ಆಯ್ತು, ಟಿಕೆಟ್ ಆಯ್ತು, ಅಂಟಿನುಂಡೆಗೆ ಅಂಟು, ಕೊಬ್ಬರಿ, ಉತ್ತುತ್ತೆ ಎಲ್ಲ ಮನೆಗೆ ಬಂತು. ಉಳಿದಿದ್ದು ಇನ್ಶೂರೆನ್ಸ್ ಒಂದೇ. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಆಯ್ತು.

ನನಗೆ 71, ನನ್ನ ಹೆಂಡತಿಗೆ 68. ನನಗೆ ಬಿಪಿ, ಶುಗರ್, ಹದಿನಾಲ್ಕು ವರ್ಷದ ಹಿಂದೆ ಹಾಕಿಸಿದ ಒಂದು ಸ್ಟೆಂಟ್. ಅವಳಿಗೆ ಮಂಡಿನೋವು, ಥೈರಾಯ್ಡ್. ಅಂದರೆ, ಪಾರ್ಕಿನಲ್ಲಿ ನಮ್ಮ ಜೊತೆ ವಾಕ್ ಮಾಡುವವರ ಲೆಕ್ಕದಲ್ಲಿ ನಾವಿಬ್ಬರೂ ಗಟ್ಟಿಮುಟ್ಟು.

ಕಂಪನಿಗಳ ಲೆಕ್ಕ ಬೇರೆ. ಅಲ್ಲಿನ ಎಷ್ಟೋ ಪ್ಲಾನ್‌ಗಳಲ್ಲಿ 69ರವರೆಗೂ ಐದು ಲಕ್ಷ, ಹತ್ತು ಲಕ್ಷ ಡಾಲರ್ ಕವರ್ ಕೊಡುತ್ತಾರೆ. 70 ತುಂಬಿದ್ದೇ ತಡ, ಅದು 50 ಸಾವಿರಕ್ಕೋ ಒಂದು ಲಕ್ಷಕ್ಕೋ ಇಳಿಯುತ್ತದೆ. 80 ದಾಟಿದರೆ ಹಲವು ಕಡೆ 10-15 ಸಾವಿರ. ಪ್ರೀಮಿಯಂ ಮಾತ್ರ ವಯಸ್ಸಿನ ಜೊತೆ ಮೇಲಕ್ಕೇ ಹತ್ತುತ್ತದೆ. ಹಲ್ಲಿದ್ದವನಿಗೆ ಕಡಲೆ ಮೂಟೆ, ಹಲ್ಲಿಲ್ಲದವನಿಗೆ ಒಂದು ಹಿಡಿ ಸಿಪ್ಪೆ. ಸಿಪ್ಪೆಗೇ ರೇಟು ಜಾಸ್ತಿ.

ನಮ್ಮ ಏಜೆಂಟ್ ಒಳ್ಳೆಯ ಹುಡುಗ. ಕಾಫಿ ಕುಡಿದು, ಲ್ಯಾಪ್‌ಟಾಪ್ ತೆರೆದು, ಬಹಳ ಮರ್ಯಾದೆಯಿಂದ ಕೇಳಿದ. "ಸಾರ್, ಹಳೇ ಕಾಯಿಲೆ ಏನಾದ್ರೂ?" ಹೇಳಿದೆ. ಅವನು ಟೈಪ್ ಮಾಡುವುದನ್ನೇ ನಿಲ್ಲಿಸಿದ.

"ಹಳೇ ಕಾಯಿಲೆಗೆ ಕವರ್ ಇಲ್ಲ ಸಾರ್. ಆದ್ರೆ ಅಕ್ಯೂಟ್ ಆನ್‌ಸೆಟ್‌ಗೆ ಇದೆ."

"ಹಾಗಂದ್ರೆ?"

"ಹಳೇ ಕಾಯಿಲೆ ಹೊಸದಾಗಿ ಬರಬೇಕು ಸಾರ್. ದಿಢೀರ್ ಅಂತ. ಮುನ್ಸೂಚನೆ ಇರಬಾರದು. ಬಂದ 24 ಗಂಟೆ ಒಳಗೆ ಆಸ್ಪತ್ರೆಯಲ್ಲಿ ಇರಬೇಕು."

ನನ್ನ ಎದೆ ಹದಿನಾಲ್ಕು ವರ್ಷದಿಂದ ಸೂಚನೆ ಕೊಡುತ್ತಲೇ ಇದೆ. ಮೆಟ್ಟಿಲು ಹತ್ತಿದರೆ ಕೊಡುತ್ತದೆ, ಮದುವೆ ಮನೆಯಲ್ಲಿ ಎರಡನೇ ಹೋಳಿಗೆಗೆ ಕೈ ಚಾಚಿದರೂ ಕೊಡುತ್ತದೆ. ನಮ್ಮ ಡಾಕ್ಟರು ಹೇಳುವುದೇನು? "ಸ್ವಲ್ಪ ಎದೆ ಹಿಡಿದ ಹಾಗಾದರೂ ತಡ ಮಾಡಬೇಡಿ, ಬಂದುಬಿಡಿ." ಪಾಲಿಸಿ ಹೇಳುವುದೇನು? ನಿನ್ನೆಯೇ ಎದೆ ಹಿಡಿದಿತ್ತು ಅಂತ ಬಾಯಿ ಬಿಟ್ಟೆಯೋ, ಇವತ್ತಿನ ಹಾರ್ಟ್ ಅಟ್ಯಾಕ್ ನಿನ್ನ ಖರ್ಚು. ಕೆಲವು ಪಾಲಿಸಿಗಳಲ್ಲಿ ಇನ್ನೂ ಒಂದು ಕೊಕ್ಕೆ ಇದೆ. ಹಿಂದಿನ 30 ದಿನದಲ್ಲಿ ಮಾತ್ರೆ ಬದಲಾಗಿರಬಾರದು. ಕಳೆದ ವಾರವಷ್ಟೇ ಡಾಕ್ಟರು ನನ್ನ ಬಿಪಿ ಮಾತ್ರೆಯನ್ನು 40ರಿಂದ 80ಕ್ಕೆ ಏರಿಸಿದ್ದಾರೆ. ಪ್ರಯಾಣಕ್ಕೆ ಹುಷಾರಾಗಿರಲಿ ಅಂತ.

ಅದೂ ಹೋಗಲಿ. ಈ ದಿಢೀರ್ ಸೌಲಭ್ಯ ಹಲವು ಪ್ಲಾನ್‌ಗಳಲ್ಲಿ 70ರ ಒಳಗಿನವರಿಗೆ ಮಾತ್ರ. ಅಂದರೆ ನನ್ನ ಹೆಂಡತಿಗೆ ಸಿಗುತ್ತದೆ, ನನಗಿಲ್ಲ. ಅವಳ ಮಂಡಿನೋವು ದಿಢೀರ್ ಅಂತ ಬರುವ ಜಾತಿಯದಲ್ಲ. ಒಂದು ದಿನ ಮುಂಚೆಯೇ ಮಳೆ ಬರುತ್ತೆ ಅಂತ ನಮಗೆಲ್ಲ ಹೇಳಿ ಬರುತ್ತದೆ.

79ರವರೆಗೂ ಕೊಡುವ ಒಂದು ಪ್ಲಾನ್ ಹುಡುಕಿದವನು ಅಳಿಯ. ಸಾಫ್ಟ್‌ವೇರ್‌ನವನು, ಎಕ್ಸೆಲ್ ಶೀಟ್ ಮಾಡಿದ್ದ. ವಿಡಿಯೋ ಕಾಲ್‌ನಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ತೋರಿಸಿದ. ಕೆಂಪೆಲ್ಲ ನನ್ನದು.

"ಮಾವ, ಫಿಕ್ಸೆಡ್ ಪ್ಲಾನ್ ಬೇಡ. ಅಗ್ಗ, ಆದರೆ ಪ್ರತಿಯೊಂದಕ್ಕೂ ಇಷ್ಟೇ ಅಂತ ಕಟ್ಟಿಟ್ಟಿರ್ತಾರೆ. ಆಸ್ಪತ್ರೆಯವರು ಆ ಪಟ್ಟಿ ನೋಡಿ ಬಿಲ್ ಮಾಡಲ್ಲ. ಕಾಂಪ್ರೆಹೆನ್ಸಿವ್ ತಗೊಳ್ಳೋಣ."

ಕಾಂಪ್ರೆಹೆನ್ಸಿವ್ ಅಂದರೆ ಹೀಗೆ. ಮೊದಲ 250 ಡಾಲರ್ ನಾವು ಕೊಡಬೇಕು. ಆಮೇಲಿನ 5 ಸಾವಿರದಲ್ಲಿ ಅವರದು ನೂರಕ್ಕೆ ಎಂಬತ್ತು, ನಮ್ಮದು ಇಪ್ಪತ್ತು. ಅದರ ಮೇಲೆ ಪೂರ್ತಿ ಅವರದೇ, ಕವರ್ ಮುಗಿಯುವ ತನಕ. ಅಷ್ಟೊತ್ತಿಗೆ ನಮ್ಮ ಜೇಬಿನಿಂದ 1,250 ಡಾಲರ್ ಹೋಗಿರುತ್ತದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದವನು ನಾನು. ಆದರೂ ಮೂರು ಸಲ ಹೇಳಿಸಿಕೊಂಡೆ.

ತಮಾಷೆ ನೋಡಿ. ಯುರೋಪಿಗೆ ಹತ್ತು ದಿನ ಸುತ್ತಲು ಹೋದರೂ ಷೆಂಗೆನ್ ವೀಸಾಕ್ಕೆ 30 ಸಾವಿರ ಯೂರೋ ಕವರ್ ತೋರಿಸಲೇಬೇಕು. ಕೆನಡಾದಲ್ಲಿರುವ ಮಕ್ಕಳ ಹತ್ತಿರ ಸೂಪರ್ ವೀಸಾದಲ್ಲಿ ಹೋಗುವುದಾದರೆ ಒಂದು ಲಕ್ಷ ಕೆನಡಾ ಡಾಲರ್. ಆಸ್ಪತ್ರೆ ಬಿಲ್ ನೋಡಿಯೇ ಎದೆ ಒಡೆಯುವ ಅಮೆರಿಕ ಮಾತ್ರ ಪ್ರವಾಸಿ ವೀಸಾಕ್ಕೆ ಇನ್ಶೂರೆನ್ಸನ್ನು ಕೇಳುವುದೇ ಇಲ್ಲ. ಎಷ್ಟು ಉದಾರ, ಅಲ್ವಾ? ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ವಾಪಸ್ ಕಳಿಸಬಾರದು ಅಂತ 1986ರಲ್ಲೇ ಕಾನೂನು ಮಾಡಿದ್ದಾರೆ. ಹಾಗೆಂದು ಬಿಟ್ಟಿಯಲ್ಲ. ಬಿಲ್ ಆಮೇಲೆ ಅಂಚೆಯಲ್ಲಿ ಬರುತ್ತದೆ. ಮುನ್ಸೂಚನೆ ಇಲ್ಲದೆ ಬರುವುದು ನಿಜಕ್ಕೂ ಅದೊಂದೇ.

ಕಂಪನಿಯವರು ಎಲ್ಲದಕ್ಕೂ ಕೈ ಬಿಗಿ ಹಿಡಿಯುತ್ತಾರೆ ಅಂತಲ್ಲ. ನಾನು ನೋಡಿದ ಪ್ಲಾನಿನಲ್ಲಿ ಬ್ಯಾಗ್ ಕಳೆದರೆ ದುಡ್ಡುಂಟು. ಅಪಘಾತದಲ್ಲಿ ಒಂದು ಕಾಲು ಹೋದರೆ ಅರ್ಧ, ಎರಡೂ ಹೋದರೆ ಪೂರ್ತಿ. ಸತ್ತರಂತೂ ದೇಹವನ್ನು ಊರಿಗೆ ಕಳಿಸಲು ಧಾರಾಳವಾಗಿ ಇಟ್ಟಿದ್ದಾರೆ. ಸತ್ತವನಿಗೆ ಬಿಪಿ ಇತ್ತೇ, ಶುಗರ್ ಇತ್ತೇ ಅಂತ ಅಲ್ಲಿ ಯಾರೂ ಕೇಳಿಲ್ಲ. ಒಟ್ಟಿನಲ್ಲಿ ನನ್ನ ಹೆಣಕ್ಕೂ ಬ್ಯಾಗಿಗೂ ಹಳೇ ಕಾಯಿಲೆ ಇಲ್ಲ. ಇವೆರಡರ ಮಧ್ಯೆ ಆರು ತಿಂಗಳು ಓಡಾಡಬೇಕಾದ ಮುದುಕನದೇ ತಕರಾರು.

ಕೊನೆಗೆ ದುಡ್ಡು ಕಟ್ಟಿದೆವು. ಪಾಲಿಸಿ ಮೇಲ್‌ನಲ್ಲಿ ಬಂತು. ನಲವತ್ತು ಪುಟ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಮೊದಲ ಪುಟದಲ್ಲಿ ನಗುತ್ತಿರುವ ಅಜ್ಜ-ಅಜ್ಜಿ, ಹಿಂದೆ ಸಮುದ್ರ. ಆಮೇಲಿನ ಅಕ್ಷರವೆಲ್ಲ ಸಾಸಿವೆ ಕಾಳಿಗಿಂತ ಸಣ್ಣದು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಕವರ್ ಇಲ್ಲದವುಗಳ ಪಟ್ಟಿ ಜೋರಾಗಿ ಓದುತ್ತಾ ಹೋದೆ. ಹಲ್ಲುಸೆಟ್ಟು, ಕಿವಿ ಮಷೀನು, ಕನ್ನಡಕ.

ಹೆಂಡತಿ ಅಡುಗೆಮನೆಯಲ್ಲಿ ಚಟ್ನಿಪುಡಿ ಪ್ಯಾಕ್ ಮಾಡುತ್ತಿದ್ದಳು.

"ರೀ, ಹಾಗಾದ್ರೆ ಹಲ್ಲುಸೆಟ್ಟು ಬಾಯಲ್ಲಿ ಇಟ್ಕೊಂಡು ಬರಬೇಡಿ. ಬ್ಯಾಗಿಗೆ ಹಾಕಿ. ಬ್ಯಾಗ್ ಕಳೆದ್ರೆ ಕೊಡ್ತಾರಲ್ಲ."