ಪಾಚಿಗೆ ಮ್ಯಾಚಿಂಗ್ ಬಣ್ಣ

ನಮ್ಮ ಮನೆಯ ಪಡುವಣ ಗೋಡೆಗೆ ಯಾವ ಬಣ್ಣ ಹೊಡೆದರೂ ಆಗಸ್ಟ್ ಹೊತ್ತಿಗೆ ಅದು ಹಸಿರಾಗುತ್ತದೆ. ಜನವರಿಗೆ ಕಪ್ಪಾಗುತ್ತದೆ. ಮಳೆಗಾಲದ ಪಾಚಿ ಬಿಸಿಲಿಗೆ ಒಣಗಿ, ಬಚ್ಚಲ ಹಂಡೆಯ ತಳದ ಹಾಗೆ ಕಾಣುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಮನೆಗಳಿಗೆ ಹೊಸತೇನಲ್ಲ. ಇಷ್ಟೆಲ್ಲ ಗೊತ್ತಿದ್ದೂ ಈ ಫೆಬ್ರವರಿಯಲ್ಲಿ ನಾನು ಬಣ್ಣ ಆರಿಸಲು ಶಿವಮೊಗ್ಗದ ಬಸ್ಸು ಹತ್ತಿದೆ.

ಅಂಗಡಿಯವರು ಒಂದು ಶೇಡ್ ಕಾರ್ಡ್ ಕೊಟ್ಟರು. ಕಾರ್ಡ್ ಅಂತ ಹೆಸರು, ದಪ್ಪ ಪಂಚಾಂಗಕ್ಕಿಂತ ಜಾಸ್ತಿ. ಬರೀ ಬಿಳಿಗೇ ಒಂದೆರಡು ಪುಟ. ಬಣ್ಣದ ಹೆಸರುಗಳೋ, ಬೇಕರಿ ಮುಂದೆ ನಿಂತ ಹಾಗೆ: ವೆನಿಲಾ, ಬಾದಾಮಿ, ಜೇನು, ಕೆನೆ. ಊಟದ ಹೊತ್ತು ಬೇರೆ ಮೀರಿತ್ತು. ಕೆನೆ ಇರಲಿ ಎಂದೆ. ಯಂತ್ರ ಬಿಳಿ ಡಬ್ಬಿಯೊಳಗೆ ನಾಲ್ಕು ಹನಿ ಹಳದಿ, ಒಂದು ಹನಿ ಕಂದು ಬಿಟ್ಟು, ದೆವ್ವ ಬಂದವರ ಹಾಗೆ ಅಲ್ಲಾಡಿಸಿತು.

"ಪಾಚಿ ಹತ್ರಾನೇ ಸುಳಿಯಲ್ಲ ಸಾರ್" ಎಂದರು ಅಂಗಡಿಯವರು. ಸುಳ್ಳು ಹೇಳಿದರು ಅನ್ನಲಾರೆ. ಅವರ ಲೆಕ್ಕ ಅವರ ಊರಿನ ಮಳೆಯದು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಶಿವಮೊಗ್ಗ ಪೇಟೆಗೆ ಅದರ ಐದರಲ್ಲೊಂದು ಪಾಲೂ ಬೀಳುವುದಿಲ್ಲ. ಒಂದೇ ಜಿಲ್ಲೆ, ಒಂದೇ ಡಬ್ಬಿ. ಪಾಪ, ಡಬ್ಬಿಗೇನು ಗೊತ್ತು?

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಕೆನೆಯಾಗಿದ್ದದ್ದು ನಮ್ಮ ಗೋಡೆಗೆ ಬಂದಾಗ ಬೇರೆಯೇ ಆಯಿತು. ಎದುರಿನ ಅಡಿಕೆ ತೋಟದ ಹಸಿರು ನೆರಳು ಅದರ ಮೇಲೆ ಬಿದ್ದು, ಗೋಡೆಗೆ ಕಾಮಾಲೆ ಬಂದಂತೆ ಕಂಡಿತು.

"ಬೆರಳಗಲ ಚೀಟಿ ನೋಡಿ ಇಡೀ ಗೋಡೆಗೆ ಬಣ್ಣ ತಂದ್ರೆ ಹಿಂಗೇ ಮಾರಾಯ್ರೆ" ಎಂದ ಪೇಂಟರ್. "ಚೂರು ಜಾಗಕ್ಕೆ ಎರಡು ಕೋಟ್ ಹೊಡೀಬೇಕು. ಒಣಗಿದ ಮೇಲೆ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡ್ಬೇಕು." ಇದನ್ನು ನಾನು ಬಸ್ಸು ಹತ್ತುವ ಮೊದಲೇ ಹೇಳಬಹುದಿತ್ತು ಅಲ್ವಾ? ಕೇಳಿದ್ದಕ್ಕೆ, "ನೀವು ಕೇಳಲೇ ಇಲ್ವಲ್ಲ" ಎಂದ.

ಸರಿ, ಐದು ಸಣ್ಣ ಡಬ್ಬಿ ಬಂದವು. ಗೋಡೆ ಮೇಲೆ ಐದು ಚೌಕ ಎದ್ದವು. ಅಲ್ಲಿಂದ ಶುರುವಾಯಿತು ನೋಡಿ ಚುನಾವಣೆ. ಹಾಲಿಗೆ ಬಂದವರು, ಅಡಿಕೆ ಸುಲಿಯಲು ಬಂದವರು, ಸುಮ್ನೆ ಹಾದುಹೋಗುವವರು, ಎಲ್ಲರೂ ಒಂದೊಂದು ಓಟು ಹಾಕಿದರು. ಯಾವ ಚೌಕಕ್ಕೂ ಬಹುಮತ ಬರಲಿಲ್ಲ. ಪಕ್ಕದ ಮನೆ ರಾಯರು ಗೇಟಿನಲ್ಲೇ ನಿಂತು, "ಎಂಥದು, ಅಂಗನವಾಡಿ ಶುರು ಮಾಡ್ತೀರನಾ?" ಎಂದರು. ನನ್ನ ಹೆಂಡತಿಗೆ ವಿನೋಬನಗರದಲ್ಲಿರುವ ತಂಗಿಯ ಮನೆಯಂಥ ತಿಳಿ ನೇರಳೆಯೇ ಬೇಕು. ಅಮ್ಮನಿಗೆ ಯಾವುದೂ ಬೇಡ.

"ಮೇಲೆ ಸುಣ್ಣ, ಕೆಳಗೆ ಕೆಮ್ಮಣ್ಣು. ನಮ್ಮ ಕಾಲದಲ್ಲಿ ಮತ್ತೆಂತ ಇತ್ತು?" ಎಂದಳು. ಅಮ್ಮನ ಮಾತು ತೆಗೆದುಹಾಕುವಂಥದ್ದಲ್ಲ. ಸಾಗರದ ಕಡೆ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿಯಿಂದ ಬಿಳಿ, ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಅಷ್ಟರಲ್ಲೇ ಮದುವೆ ಮನೆ ಎದ್ದು ನಿಲ್ಲುತ್ತದೆ. ನನಗೆ ಪಂಚಾಂಗದಷ್ಟು ದಪ್ಪದ ಪುಸ್ತಕ ಕೊಟ್ಟರೂ ಒಂದು ಗೋಡೆ ಬಗೆಹರಿಯಲಿಲ್ಲ.

ಆಗ ಒಂದು ರಾತ್ರಿ ನನಗೆ ಆ ಉಪಾಯ ಹೊಳೆಯಿತು. ಗೋಡೆ ಹೇಗೂ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಪಾಚಿ ಬಣ್ಣ ಹೊಡೆದುಬಿಟ್ಟರೆ? ಪಾಚಿ ಬಂದರೂ ಕಾಣಬಾರದು! ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳು ಮಗ್ಗುಲು ಬದಲಿಸಿದಳು. ಅದನ್ನೇ ಒಪ್ಪಿಗೆ ಅಂದುಕೊಂಡೆ.

ಬೇಸಿಗೆಯಲ್ಲಿ ಹಸಿ ಪಾಚಿ ಎಲ್ಲಿ ಸಿಗಬೇಕು? ಬಚ್ಚಲ ನೀರು ಹರಿಯುವ ಕಡೆ ಒಂದಿಷ್ಟಿತ್ತು. ಕೆರೆದು, ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಮತ್ತೆ ಶಿವಮೊಗ್ಗಕ್ಕೆ ಹೋದೆ. "ಇದೇ ಬಣ್ಣ ಬೇಕು" ಎಂದು ಕೌಂಟರ್ ಮೇಲೆ ಇಟ್ಟೆ. ಪಾಚಿ ಓಡಿಸುವ ಬಣ್ಣ ಮಾರುವವರ ಮುಂದೆ ಪಾಚಿಯನ್ನೇ ಇಟ್ಟು ಇದರ ಹಾಗೆ ಮಾಡಿಕೊಡಿ ಎಂದವನು ನಾನೊಬ್ಬನೇ ಇರಬೇಕು. ಅವರು ಮೂಗು ಮುಚ್ಚಿಕೊಳ್ಳಲಿಲ್ಲ. ದೊಡ್ಡ ಮನಸ್ಸು.

ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ಐದನೇ ದಿನ ಕೊರಿಯರ್ ಹುಡುಗ ಫೋನ್ ಮಾಡಿದ.

"ಸಾರ್, ನಿಮ್ಮ ಮನೆ ಎಲ್ಲಿ ಬಂತು?"

"ಎಲ್ಲಿದ್ದೀಯ?"

"ಇಲ್ಲೇ ಒಂದು ಗೇಟ್ ಹತ್ರ."

"ಅದೇ ಕಣೋ, ಎದುರಿಗೇ ಇದೆ."

"ಎದುರಿಗೆ ತೋಟ ಇದೆ ಸಾರ್."

ನಾನು ಹೊರಗೆ ಬಂದು ಕೈ ಬೀಸಿದೆ. ನನ್ನ ಬಿಳಿ ಪಂಚೆ ಇಲ್ಲದಿದ್ದರೆ ಅವನು ವಾಪಸ್ ಹೋಗಿಯೇಬಿಡುತ್ತಿದ್ದ.

ಕೆಳಗೆ ಎರಡು ಅಡಿ ಗಾಢ ಕೆಂಪು ಪಟ್ಟಿ ಹೊಡೆಯೋಣ ಎಂದು ಪೇಂಟರ್ ಮೊದಲೇ ಹೇಳಿದ್ದ. ಹಳೇ ಕಾಲದ ಮನೆಯ ಹಾಗೆ ಕಾಣುತ್ತದೆಂದು ನಾನೇ ಬೇಡ ಎಂದಿದ್ದೆ. ಏಪ್ರಿಲ್‌ನಲ್ಲಿ ಒಂದೇ ಒಂದು ಗುಡುಗು ಮಳೆ ಬಂತು. ಹೆಂಚಿನಿಂದ ಸುರಿದ ನೀರು ಅಂಗಳದ ಕೆಂಪು ಮಣ್ಣನ್ನು ಎಬ್ಬಿಸಿ, ಸರಿಯಾಗಿ ಎರಡು ಅಡಿ ಎತ್ತರಕ್ಕೆ ಗೋಡೆಗೆ ಸಿಡಿಸಿತು. ಅಮ್ಮ ಜಗುಲಿ ಇಳಿದು ಬಂದು ನೋಡಿದಳು, ಏನೂ ಹೇಳದೆ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು. ಮಾರನೇ ದಿನ ಪೇಂಟರ್ ಬಂದು ಕೆಂಪು ಪಟ್ಟಿ ಹೊಡೆದ. ಮೇಲೆ ಹಸಿರು, ಕೆಳಗೆ ಕೆಂಪು. ರಾಯರು ಮತ್ತೆ ಗೇಟಿಗೆ ಬಂದರು. "ಕಲ್ಲಂಗಡಿ ಚೆನ್ನಾಗಿ ಹಣ್ಣಾಗಿದೆ" ಎಂದರು.

ಮೇ ಕೊನೆಗೆ ಎಂದಿನಂತೆ ಮಳೆಗಾಲದ ತಯಾರಿ. ಗಾಳಿ ಮಳೆ ಹೊಡೆಯುವುದು ಪಡುವಣದಿಂದ. ಹಿಂದೆಲ್ಲ ಆ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದೆವು. ಈಗ ಸೋಗೆ ಕಟ್ಟುವವರು ಸಿಗುವುದು ಕಷ್ಟ, ಟಾರ್ಪಾಲೇ ಗತಿ. ಪೇಟೆಯಿಂದ ದೊಡ್ಡದೊಂದು ತಂದು, ಮಾಡಿನ ಅಂಚಿನಿಂದ ನೆಲದವರೆಗೆ ಇಳಿಬಿಟ್ಟು ಬಿಗಿದೆವು. ಪಾಚಿಯೂ ಮುಚ್ಚಿತು, ಪಟ್ಟಿಯೂ ಮುಚ್ಚಿತು.

ಜೂನ್‌ನಲ್ಲಿ ಧೋ ಎಂದು ಮಳೆ ಸುರಿಯುವಾಗ ಅದೇ ಕೊರಿಯರ್ ಹುಡುಗ ಫೋನೂ ಮಾಡದೆ ನೇರ ಜಗುಲಿಗೆ ಬಂದು ನಿಂತ. ಹೇಗಪ್ಪಾ ಗೊತ್ತಾಯಿತು ಎಂದು ಕೇಳಿದೆ.

"ಬಣ್ಣ ಚೇಂಜ್ ಮಾಡಿಸಿದ್ರಲ್ಲ ಸಾರ್" ಎಂದ. "ನೀಲಿ ಚೆನ್ನಾಗಿದೆ. ತಿರುವಿನಿಂದಲೇ ಕಾಣ್ತದೆ."