ಅಂಗಡಿ ಮುಚ್ಚಿಸಿದ ಒಂದು ಪದ

ನಮ್ಮ ಶಾಲೆಯ ದಾರಿಯಲ್ಲಿ ಒಂದು ಗೂಡಂಗಡಿ ಇದೆ. ಬಾಳೆಹಣ್ಣು, ಸೋಡಾ, ಬೀಡಾ, ಮಕ್ಕಳಿಗೆ ಪೆನ್ನು, ರಬ್ಬರು. ನಡೆಸುವವರಿಗೆ ಎಪ್ಪತ್ತು ದಾಟಿದೆ. ಊರಿಗೆಲ್ಲ ಅವರು ಮಾವ. ಕಳೆದ ಮಳೆಗಾಲದಲ್ಲಿ ಎರಡು ದಿನ ಅಂಗಡಿಯ ಬಾಗಿಲು ತೆಗೆದಿರಲಿಲ್ಲ. ಹುಷಾರಿಲ್ಲವೇನೋ ಅಂತ ಮೂರನೇ ದಿನ ಸಂಜೆ ಅವರ ಮನೆಗೇ ಹೋದೆ. ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. "ಅಂಗಡಿ ಬಂದ್ ಮಲ್ಪೊಡುಗೆ ಟೀಚರೇ" ಅಂದರು. ಅಂಗಡಿ ಮುಚ್ಚಬೇಕಂತೆ. ಒಳಗಿನಿಂದ ಒಂದು ಕಾಗದ ತಂದು ಕೈಗೆ ಕೊಟ್ಟರು.

ಕಾಸರಗೋಡಿನವರಿಗೆ ಇಂಥ ಕಾಗದ ಹೊಸತಲ್ಲ. ಒಂದು ಪುಟ ಮಲಯಾಳ, ಕೆಳಗೊಂದು ಸೀಲು. ಮಾವನ ಮನೆಮಾತು ತುಳು, ಓದಿದ್ದು ಕನ್ನಡ. ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಮಂಗಳೂರಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗ ಫೋನಿನಲ್ಲಿ ಕಾಗದದ ಫೋಟೊ ಹಿಡಿದು, ಯಾವುದೋ ಆ್ಯಪಿನಲ್ಲಿ ಕನ್ನಡ ಮಾಡಿ ಓದಿ ಹೇಳಿದ್ದಾನೆ. ಅದರಲ್ಲಿ ಅಂಗಡಿ ಅಂತ ಇತ್ತು, ತಾರೀಕು ಇತ್ತು, 'ಮುಚ್ಚಬೇಕು' ಅಂತಲೂ ಇತ್ತು.

ಕಾಗದದಲ್ಲಿ ನಿಜವಾಗಿ ಇದ್ದ ಪದ 'ಅಡಯ್ಕೇಂಡದಾಣ್'. ಮಲಯಾಳದಲ್ಲಿ 'ಅಡಯ್ಕುಕ' ಅಂದರೆ ಮುಚ್ಚುವುದು. ಹಣ ಕಟ್ಟುವುದಕ್ಕೂ ಅದೇ ಪದ. ಅಂಗಡಿಯ ಲೈಸನ್ಸ್ ಫೀಸು ಬಾಕಿ ಇದೆ, ಇಂಥ ತಾರೀಕಿನೊಳಗೆ ಕಟ್ಟಿ ಅಂತ ಕಾಗದ ಹೇಳುತ್ತಿತ್ತು. ಅಷ್ಟೇ ವಿಷಯ. ನಾನು ಕನ್ನಡ ಮಾಡಲು ಹೋಗಲಿಲ್ಲ, ಆ ಸಾಲನ್ನು ಮಲಯಾಳದಲ್ಲೇ ಗಟ್ಟಿಯಾಗಿ ಓದಿದೆ. ಪದ ಕಿವಿಗೆ ಬಿದ್ದದ್ದೇ ಮಾವ ಎದ್ದು ನಿಂತರು. "ಓ, ದುಡ್ಡು ಕಟ್ಟಬೇಕಾ!"

ಅವತ್ತಿನಿಂದ ಇದು ನನ್ನ ತಲೆಯಲ್ಲಿ ಕೂತಿದೆ. ಪದಕ್ಕೆ ಎರಡು ಅರ್ಥ ಇತ್ತು. ಆ್ಯಪ್ ಒಂದನ್ನು ಆರಿಸಿಕೊಂಡಿತು. ಇನ್ನೊಂದು ಅರ್ಥ ಇದೆ ಅನ್ನುವ ಸುಳಿವನ್ನೂ ಕೊಡಲಿಲ್ಲ. ಅದೇ ಒಂದು ನಿಘಂಟು ಆಗಿದ್ದರೆ ಒಂದು, ಎರಡು ಅಂತ ಎರಡೂ ಅರ್ಥವನ್ನು ಸಾಲಾಗಿ ಇಡುತ್ತಿತ್ತು. ಯಾವುದು ಸರಿ ಅಂತ ಆ ಹುಡುಗನೇ ತಿಳಿದುಕೊಳ್ಳುತ್ತಿದ್ದ. ಫೀಸು ಅಂತ ಪಕ್ಕದಲ್ಲೇ ಇತ್ತಲ್ವಾ.

ಭಾಷಾಂತರದ ಆ್ಯಪ್ ಬೇಡ ಅಂತ ನಾನು ಹೇಳುವುದಿಲ್ಲ. ಬಸ್ಸಿನ ಬೋರ್ಡ್ ಓದಲು, ದೊಡ್ಡ ಸುತ್ತೋಲೆಯಲ್ಲಿ ಏನಿದೆ ಅಂತ ಒಮ್ಮೆ ಕಣ್ಣಾಡಿಸಲು ನಾನೂ ಬಳಸುತ್ತೇನೆ. ಆದರೆ ಹಣ, ಭೂಮಿ, ಪಿಂಚಣಿ, ಮಕ್ಕಳ ಪರೀಕ್ಷೆ ಅಂತ ಬಂದಾಗ ಅದೊಂದನ್ನೇ ನಂಬಬಾರದು. ಪಕ್ಕದಲ್ಲಿ ನಿಘಂಟು ಇರಲೇಬೇಕು. ಎರಡು ಮೂರು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗಂತೂ ಒಂದು ನಿಘಂಟು ಸಾಲದು, ಒಂದೇ ಕಡೆ ಹಲವು ಬೇಕು.

ನನ್ನ ಲ್ಯಾಪ್‌ಟಾಪಿನಲ್ಲಿ ಗೋಲ್ಡನ್‌ಡಿಕ್ಟ್ ಇದೆ. ಇದು ನಿಘಂಟುಗಳನ್ನು ತೆರೆದು ಹುಡುಕುವ ಉಚಿತ ಸಾಫ್ಟ್‌ವೇರ್. ಅದರೊಳಗೆ ಪದಗಳಿಲ್ಲ, ಅದು ಖಾಲಿ ಕಪಾಟು. ನಿಘಂಟಿನ ಫೈಲುಗಳನ್ನು ನಾವು ಇಡಬೇಕು. ಸ್ಟಾರ್‌ಡಿಕ್ಟ್ ಅನ್ನುವ ರೂಪದಲ್ಲಿ ಎಷ್ಟೋ ಭಾಷೆಗಳ ನಿಘಂಟುಗಳು ಸಿಗುತ್ತವೆ. ಅವನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಎಫ್3 ಒತ್ತಿ, ಆ ಫೋಲ್ಡರನ್ನು ತೋರಿಸಿದರೆ ಸಾಕು. ಆಮೇಲೆ ಒಂದು ಪದ ಹುಡುಕಿದರೆ ಎಲ್ಲ ನಿಘಂಟುಗಳ ಉತ್ತರವೂ ಒಂದರ ಕೆಳಗೆ ಒಂದು ಬರುತ್ತದೆ. ಇಂಟರ್‌ನೆಟ್‌ನಲ್ಲೇ ಇರುವ ನಿಘಂಟುಗಳ ವಿಳಾಸವನ್ನೂ ಅಲ್ಲೇ ಸೇರಿಸಬಹುದು. ನಾನು ಓಳಂ ಅನ್ನುವ ಮಲಯಾಳ ನಿಘಂಟನ್ನು ಹಾಗೆ ಸೇರಿಸಿಕೊಂಡಿದ್ದೇನೆ. ಯಾವುದಾದರೂ ಬರಹ ಓದುತ್ತಿರುವಾಗ ಪದವನ್ನು ಗುರುತು ಮಾಡಿ, ಕಂಟ್ರೋಲ್ ಹಿಡಿದು ಸಿ ಎರಡು ಸಲ ಒತ್ತಿದರೆ ಚಿಕ್ಕ ಕಿಟಕಿಯಲ್ಲಿ ಅರ್ಥ ತೆರೆದುಕೊಳ್ಳುತ್ತದೆ. ಸುತ್ತೋಲೆ ಓದುವಾಗ ಇದು ಎಷ್ಟು ಉಪಕಾರ ಅಂತ ಬಳಸಿದವರಿಗೇ ಗೊತ್ತು.

ಫೋನಿನಲ್ಲೂ ಅದೇ ಫೈಲುಗಳು. ಸ್ಟಾರ್‌ಡಿಕ್ಟ್ ಓದುವ ಆ್ಯಪ್ ಒಂದು ಹಾಕಿಕೊಂಡರೆ ಆಯಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ 2016ರಲ್ಲಿ ಬಂದ ಭಾರತವಾಣಿಯ ಆ್ಯಪೂ ಇದೆ. ಬೇರೆ ಬೇರೆ ಭಾಷೆಗಳ ನಿಘಂಟುಗಳನ್ನು ಅವರು ಒಂದು ಕಡೆ ತಂದಿದ್ದಾರೆ. ಆದರೆ ಫೈಲು ಫೋನಿನ ಒಳಗೇ ಇರುವುದು ನನಗೆ ಮುಖ್ಯ. ನಮ್ಮ ಕಡೆ ಗುಡ್ಡ ಇಳಿದರೆ ನೆಟ್‌ವರ್ಕ್ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಕಾಗದ ಬರುವುದು ಮಾತ್ರ ನಿಲ್ಲುವುದಿಲ್ಲ!

ಪರಭಾಷೆಯ ಗೊತ್ತಿಲ್ಲದ ಪದ ಅಷ್ಟು ಅಪಾಯವಲ್ಲ. ಗೊತ್ತಿಲ್ಲ ಅಂತ ನಮಗೇ ಗೊತ್ತಿರುತ್ತದೆ, ಯಾರನ್ನಾದರೂ ಕೇಳುತ್ತೇವೆ. ಗೊತ್ತಿದೆ ಅಂದುಕೊಂಡ ಪದವೇ ಅಪಾಯ. ಕನ್ನಡ, ಮಲಯಾಳ ಎರಡರಲ್ಲೂ ಇರುವ, ಎರಡರಲ್ಲೂ ಬೇರೆ ಅರ್ಥದ ಪದಗಳನ್ನು ನಾನು ಬರೆದಿಡುತ್ತಾ ಬಂದಿದ್ದೇನೆ. ಮಲಯಾಳದ 'ಅನುವಾದಂ' ಅಂದರೆ ಅನುಮತಿ. 'ಅಪೇಕ್ಷ' ಅಂದರೆ ಅರ್ಜಿ. 'ಉಪನ್ಯಾಸಂ' ಅಂದರೆ ಪ್ರಬಂಧ. ಶಾಲೆಗೆ ಉಪನ್ಯಾಸ ಸ್ಪರ್ಧೆ ಅಂತ ಕಾಗದ ಬಂದಾಗ ಒಬ್ಬ ಹುಡುಗ ಭಾಷಣ ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಅಲ್ಲಿ ಕೈಗೆ ಹಾಳೆ ಕೊಟ್ಟರು. ಆ ಮಗುವಿನ ಮುಖ ನನಗಿನ್ನೂ ನೆನಪಿದೆ. 'ಸಂಸಾರಂ' ಅಂದರೆ ಮಾತು. 'ವಿಕಾರಂ' ಅಂದರೆ ಭಾವನೆ. 'ಪ್ರಶ್ನಂ' ಅಂದರೆ ಹೆಚ್ಚಾಗಿ ಸಮಸ್ಯೆ. ಮಂತ್ರಿ 'ರಾಜಿ' ವಚ್ಚು ಅಂತ ಸುದ್ದಿ ಬಂದರೆ ಅವರು ಯಾರೊಂದಿಗೂ ರಾಜಿ ಆಗಿಲ್ಲ, ರಾಜೀನಾಮೆ ಕೊಟ್ಟಿದ್ದಾರೆ.

'ಅವಸರ' ಇನ್ನೂ ದೊಡ್ಡದು. ಕನ್ನಡ, ತಮಿಳಿನಲ್ಲಿ ಅದು ಗಡಿಬಿಡಿ. ಮಲಯಾಳದಲ್ಲಿ ಅವಕಾಶ. ತೆಲುಗಿನಲ್ಲಿ ಅಗತ್ಯ. ಒಂದೇ ಸಂಸ್ಕೃತ ಪದ ನಾಲ್ಕು ಮನೆಗೆ ಹೋಗಿ ಮೂರು ಬಗೆಯಲ್ಲಿ ಬೆಳೆದಿದೆ.

ಇನ್ನೊಂದು ಪದದ ಮೇಲೆ ನನಗೆ ಪ್ರೀತಿ ಜಾಸ್ತಿ. ಮಲಯಾಳದ ಪ್ರತಿ ಫಾರ್ಮಿನ ಕೆಳಗೂ 'ಒಪ್ಪ್' ಅಂತ ಇರುತ್ತದೆ. ಅಂದರೆ ಸಹಿ. ನಮ್ಮ ಮಕ್ಕಳು ಅದನ್ನು 'ಒಪ್ಪು' ಅಂತ ಓದಿ, ಒಪ್ಪಿಗೆ ಇದೆಯಾ ಅಂತ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಾನೂ ತುಂಬ ದಿನ ಇದು ಮಲಯಾಳದ್ದೇ ಪದ ಅಂದುಕೊಂಡಿದ್ದೆ. ಒಂದು ರಾತ್ರಿ ಹುಡುಕುತ್ತಾ ಹೋದಾಗ ಗೊತ್ತಾಯಿತು, ನಮ್ಮ ಹಳೆಯ ಶಾಸನಗಳಲ್ಲೂ ಸಹಿಗೆ 'ಒಪ್ಪ' ಅಂತಲೇ ಇದೆ. ರಾಜರು ಸ್ವಹಸ್ತದ ಒಪ್ಪ ಹಾಕುತ್ತಿದ್ದರು. ನಾವು ಆ ಪದ ಬಿಟ್ಟು ಸಹಿ, ರುಜು ಅಂದೆವು. ಅವರು ಉಳಿಸಿಕೊಂಡರು. ಮರುದಿನ ತರಗತಿಯಲ್ಲಿ ಇದನ್ನು ಹೇಳಿದಾಗ ಏಳನೇ ಕ್ಲಾಸಿನ ಮಕ್ಕಳು ಆ ಫಾರ್ಮನ್ನು ಬೇರೆಯೇ ಕಣ್ಣಲ್ಲಿ ನೋಡಿದರು. ಇಂಥದ್ದನ್ನು ಭಾಷಾಂತರದ ಬಟನ್ ಯಾವತ್ತೂ ಕೊಡುವುದಿಲ್ಲ. ಅದಕ್ಕೆ ಗೊತ್ತಿರುವುದು 'ಸಹಿ' ಅಂತ ತಿರುಗಿಸಿ ಮುಂದೆ ಹೋಗುವುದು.

ಆದರೆ ನನಗೊಂದು ದೊಡ್ಡ ಕೊರಗು ಇದೆ. ನನ್ನ ಲ್ಯಾಪ್‌ಟಾಪಿನಲ್ಲಿರುವ ದೊಡ್ಡ ನಿಘಂಟುಗಳೆಲ್ಲ ಇಂಗ್ಲಿಷಿನ ಮೂಲಕವೇ ಹೋಗುತ್ತವೆ. ಮಲಯಾಳ ಪದಕ್ಕೆ ಇಂಗ್ಲಿಷ್ ಅರ್ಥ ನೋಡು, ಆ ಇಂಗ್ಲಿಷಿಗೆ ಕನ್ನಡ ನೋಡು. ಪಕ್ಕದ ಮನೆಗೆ ಹೋಗಲು ಊರಿಗೆಲ್ಲ ಸುತ್ತು ಹಾಕಿದ ಹಾಗೆ. ಇದು ಇವತ್ತಿನ ಕಥೆಯಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಬಂತು. ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ. ಮೂವರೂ ಬಾಸೆಲ್ ಮಿಶನ್ನಿನವರು. ಮೂರೂ ಪುಸ್ತಕ ಹೊರಬಂದದ್ದು ನಮ್ಮ ಪಕ್ಕದ ಮಂಗಳೂರಿನಿಂದ. ಆದರೆ ಮೂರೂ ಇಂಗ್ಲಿಷಿನ ಕಡೆಗೇ ಮುಖ ಮಾಡಿದ್ದವು. ಅವರ ದುಡಿಮೆಗೆ ನಾನು ಕೈಮುಗಿಯುತ್ತೇನೆ. ಇಷ್ಟು ವರ್ಷ ಆದಮೇಲೂ ನಮ್ಮ ಫೋನುಗಳಲ್ಲಿ ಅದೇ ದಾರಿ ಇರುವುದು ಮಾತ್ರ ಬೇಸರ.

ಈಗಿನ ಕೆಲಸಗಳಲ್ಲಿ ನನಗೆ ಅಲರ್ ತುಂಬ ಇಷ್ಟ. ವಿ. ಕೃಷ್ಣ ಅವರು ಸುಮಾರು ನಲವತ್ತು ವರ್ಷ ಒಬ್ಬರೇ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಹಾಗೆ ಬಿಟ್ಟಿದ್ದರಿಂದಲೇ ಬೇರೆಯವರು ಅದನ್ನು ಸ್ಟಾರ್‌ಡಿಕ್ಟ್ ಫೈಲಾಗಿ ಮಾಡಿದರು, ಅದು ನನ್ನ ಹಳೆಯ ಫೋನಿಗೂ ಬಂತು. ಮಲಯಾಳದ ಓಳಂ ಮತ್ತು ಅಲರ್ ಎರಡರ ತಾಣವನ್ನೂ ಕಟ್ಟಿದವರು ಒಬ್ಬರೇ, ಕೈಲಾಶ್ ನಾಧ್. ಒಬ್ಬರ ಕೈಯಲ್ಲಿ ಅರಳಿದ ಎರಡು ಭಾಷೆಯ ಮನೆಗಳ ನಡುವೆ ಒಂದು ಬಾಗಿಲು ಇದ್ದಿದ್ದರೆ ಅಂತ ಎಷ್ಟು ಸಲ ಅನಿಸಿದೆಯೋ. ತುಳುವಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ನಿಘಂಟು ಇದೆ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಬಂದದ್ದು. ಅದರಲ್ಲಿ ತುಳು ಪದಕ್ಕೆ ಕನ್ನಡದಲ್ಲೇ ಅರ್ಥ ಇದೆ. ಗೋವಿಂದ ಪೈಗಳು ನಮ್ಮ ಮಂಜೇಶ್ವರದವರು ಅನ್ನುವುದು ನಮಗೆ ಹೆಮ್ಮೆ.

ನೇರ ದಾರಿ ಹಾಕುವುದು ಕಷ್ಟ ಅನ್ನುವವರು ಞಾಟ್ಟ್ಯೇಲ ಶ್ರೀಧರನ್ ಅವರನ್ನು ನೋಡಬೇಕು. ತಲಶ್ಶೇರಿಯವರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕೆಲಸಕ್ಕೆ ಹೋದವರು. ಆಮೇಲೆ ಸುಮಾರು 25 ವರ್ಷ ಕೂತು ಮಲಯಾಳ, ಕನ್ನಡ, ತಮಿಳು, ತೆಲುಗು ನಾಲ್ಕೂ ಇರುವ ನಿಘಂಟು ಮಾಡಿದರು. 2020ರಲ್ಲಿ ಅದನ್ನು ಅಚ್ಚು ಹಾಕಿಸಿದ್ದು ಕೇರಳದ ಹಿರಿಯ ನಾಗರಿಕರ ಒಂದು ಸಂಘಟನೆ. ಗುಂಡರ್ಟರು ಕೂಡ ವರ್ಷಗಟ್ಟಲೆ ಇದ್ದದ್ದು ಅದೇ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ. ಒಂದೇ ಊರಿನಿಂದ ಎರಡು ದಾರಿ. ಎರಡನೆಯದು ನಮ್ಮ ದಾರಿ ಅಂತ ನಾನು ನಂಬಿದ್ದೇನೆ. 'ಅವಸರ' ಅಂತ ಒತ್ತಿದರೆ ನಾಲ್ಕೂ ಭಾಷೆಯ ಅರ್ಥ ಒಂದೇ ಪರದೆಯಲ್ಲಿ ಬರಬೇಕು. ನನಗೆ ಬೇಕಾಗಿರುವುದು ಅಂಥ ಆ್ಯಪ್.

ಒಂದು ತೊಂದರೆಯನ್ನು ಹೇಳಲೇಬೇಕು. ನಮ್ಮ ಭಾಷೆಗಳ ಪದಗಳು ಬಾಲ ಅಂಟಿಸಿಕೊಂಡು ಬರುತ್ತವೆ. 'ಅಡಯ್ಕೇಂಡದಾಣ್' ಅಂತ ಹಾಗೇ ಹಾಕಿದರೆ ನಿಘಂಟು ಸುಮ್ಮನಿರುತ್ತದೆ. 'ಅಡಯ್ಕುಕ' ಅಂತ ಹಾಕಬೇಕು. ಕನ್ನಡದಲ್ಲೂ ಅಷ್ಟೇ. 'ಕಿತ್ತರು' ಸಿಗುವುದಿಲ್ಲ, 'ಕೀಳು' ಹುಡುಕಬೇಕು. 'ತಂದಿದ್ದಾರಂತೆ' ಸಿಗುವುದಿಲ್ಲ, 'ತರು' ಅಂತ ಹಾಕಬೇಕು. 'ಮಿಂದು' ಅಂತ ಹಾಕಿ ಏನೂ ಬರಲಿಲ್ಲ ಅಂತ ಒಬ್ಬ ಹುಡುಗಿ ಫೋನ್ ಕೆಳಗಿಟ್ಟಳು. ಮನೆಯಲ್ಲಿ ಸ್ನಾನಕ್ಕೆ ಏನು ಹೇಳುತ್ತೀ ಅಂತ ಕೇಳಿದೆ. 'ಮೀಯುವುದು' ಅಂದಳು. ಅದರ ಬಾಲ ಬಿಟ್ಟು 'ಮೀಯು' ಅಂತ ಹಾಕು ಅಂದೆ, ಸಿಕ್ಕಿತು. ಕನ್ನಡ ಗೊತ್ತಿರುವವರಿಗೆ ಇದು ಸುಲಭ. ಹೊಸದಾಗಿ ಕಲಿಯಲು ಬಂದವರಿಗೆ ಬೇರು ಗೊತ್ತಿದ್ದರೆ ನಿಘಂಟೇ ಬೇಕಿರಲಿಲ್ಲ ಅಲ್ವಾ? ಬಾಲ ಕಳಚಿ ಬೇರು ಹುಡುಕುವ ಕೆಲಸವನ್ನು ಸಾಫ್ಟ್‌ವೇರೇ ಮಾಡಬೇಕು. ನಮ್ಮ ಕಂಪ್ಯೂಟರ್ ಓದಿದ ಹುಡುಗ ಹುಡುಗಿಯರು ಕೈ ಹಾಕಬೇಕಾದ ಜಾಗ ಇದು. ಹೊಸ ನಿಘಂಟಿಗಿಂತಲೂ ಇದು ಮೊದಲು ಆಗಬೇಕು ಅಂತ ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಕಾಯುತ್ತಾ ಕೂರುವುದು ಯಾಕೆ ಅಂತ ನಾನೇ ಒಂದು ಚಿಕ್ಕ ಫೈಲ್ ಶುರು ಮಾಡಿದೆ. ನೋಟ್‌ಪ್ಯಾಡಿನಲ್ಲಿ ಮಲಯಾಳ ಪದ, ಒಂದು ಟ್ಯಾಬ್, ಕನ್ನಡ ಅರ್ಥ. ಒಂದು ಸಾಲಿಗೆ ಒಂದೇ ಪದ. ಯೂನಿಕೋಡಿನಲ್ಲೇ ಬರೆಯಬೇಕು. ಹಳೆಯ ಫಾಂಟಿನಲ್ಲಿ ಬರೆದರೆ ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಆ ಫೈಲನ್ನು ಪೈಗ್ಲಾಸರಿ ಅನ್ನುವ ಉಚಿತ ಸಾಫ್ಟ್‌ವೇರಿಗೆ ಕೊಟ್ಟರೆ ಸ್ಟಾರ್‌ಡಿಕ್ಟ್ ನಿಘಂಟಾಗಿ ಬರುತ್ತದೆ. ಮೊದಲ ಸಲ ತಮ್ಮನ ಮಗ ಪಕ್ಕದಲ್ಲಿ ಕೂತು ತೋರಿಸಿದ. ಈಗ ನಾನೇ ಮಾಡುತ್ತೇನೆ. ಆಫೀಸಿನ ಕಾಗದಗಳಲ್ಲಿ ಬರುವ ಪದಗಳೇ ಅದರಲ್ಲಿ ಜಾಸ್ತಿ. 'ಕುಡಿಶ್ಶಿಕ' ಅಂದರೆ ಬಾಕಿ. 'ಕಡ' ಅಂದರೆ ಅಂಗಡಿ, 'ಕಡಂ' ಅಂದರೆ ಸಾಲ, ಒಂದು ಸೊನ್ನೆಯಷ್ಟೇ ವ್ಯತ್ಯಾಸ. ಎರಡು ಅರ್ಥ ಇರುವ ಕಡೆ ಎರಡನ್ನೂ ಬರೆದು, ಹೇಗೆ ಬಳಸುತ್ತಾರೆ ಅಂತ ಒಂದೊಂದು ಸಾಲು ಕೊಟ್ಟಿದ್ದೇನೆ. ಮೊದಲ ಸಾಲಿನಲ್ಲಿರುವುದು ಮಾವನ ಕಾಗದದ 'ಅಡಯ್ಕುಕ'. ಮೊನ್ನೆ ಭಾನುವಾರ ಎಣಿಸಿದಾಗ 412 ಪದ ಆಗಿತ್ತು. ಮೊಮ್ಮಗನ ಫೋನಿಗೂ ಹಾಕಿಕೊಟ್ಟಿದ್ದೇನೆ.

ಬಳ್ಳಾರಿ, ಪಾವಗಡದ ಕಡೆ ತೆಲುಗಿನ ಜೊತೆ ಬದುಕುವವರು, ಹೊಸೂರಿನಲ್ಲಿ ತಮಿಳು ಓದುವ ಕನ್ನಡದವರು, ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ಮರಾಠಿ ಕಾಗದ ಹಿಡಿದು ಓಡಾಡುವವರು, ನಿಮಗೂ ಇಂಥ ಪದಗಳು ಗೊತ್ತಿರುತ್ತವೆ. ದಯವಿಟ್ಟು ಬರೆದು ಕಳಿಸಿ. ಪದ ಒಂದು, ಅದರ ಅರ್ಥ ಒಂದು, ಎಲ್ಲಿ ಕಂಡಿರಿ ಅನ್ನುವ ಒಂದು ಸಾಲು. ಟ್ಯಾಬ್ ನಾನು ಹಾಕಿಕೊಳ್ಳುತ್ತೇನೆ. ಫೈಲ್ ಬೇಕಾದವರು ಇನ್‌ಬಾಕ್ಸಿನಲ್ಲಿ ಕೇಳಿ, ಕಳಿಸಿಕೊಡುತ್ತೇನೆ.